ದಾಸವಾಳದಿಂದಾಚೆಯ ಪಾಠ



ಈ ದತ್ತಿ ಉಪನ್ಯಾಸ ಯಾರ ನೆನಪಿನದೋ ಆ ತಾಯಿ ಹಳ್ಳಿಯ ಉಪಕೇಂದ್ರದಲ್ಲಿ ದಾದಿಯಾಗಿದ್ದವರು, ಊರವರ ಬಾಯಲ್ಲಿ ‘ನರ್ಸಮ್ಮ’. ಹೆರಿಗೆಗೆ ಹೋದ ಮನೆಯಲ್ಲಿ ಬಾಣಂತಿಯ ತಂಗಿಯನ್ನೋ ನಾದಿನಿಯನ್ನೋ ಪಕ್ಕಕ್ಕೆ ಕರೆದು ‘ನಿಂಗೂ ಇದೆಲ್ಲ ಗೊತ್ತಿರ್ಬೇಕು ಕಣೇ’ ಎಂದು ಶುರುಮಾಡುತ್ತಿದ್ದರಂತೆ. ಅವರ ಮಗಳು ಇದನ್ನು ಹೇಳಿದಾಗ ಇವತ್ತು ಏನು ಮಾತನಾಡಬೇಕು ಎಂಬ ನನ್ನ ಯೋಚನೆ ಅಲ್ಲಿಗೇ ಮುಗಿಯಿತು. ಹಿಂದಿನ ದಶಕಗಳಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಮೈ ಬದಲಾಗುವ ಸಂಗತಿಯನ್ನು ಯಾರು ಹೇಳಿದರು, ಎಲ್ಲಿ ಹೇಳಿದರು, ಯಾವ ಮಾತಿನಲ್ಲಿ ಹೇಳಿದರು? ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಾಗಿ, ಅದಕ್ಕೂ ಮೊದಲು ಏನೂ ಗೊತ್ತಿಲ್ಲದೆ ಬೆಳೆದ ಹುಡುಗಿಯಾಗಿ, ನಾನು ಕಂಡದ್ದನ್ನು ಹೇಳುತ್ತೇನೆ.

1969ರ ಮಳೆಗಾಲ. ನಾನು ಎಂಟನೇ ಕ್ಲಾಸು. ನಮ್ಮದು ತೀರ್ಥಹಳ್ಳಿ ಕಡೆಯ ಊರು, ಶಾಲೆಯಿಂದ ಮನೆಗೆ ಕಾಡಿನ ನಡುವೆ ಮೂರು ಮೈಲಿ. ಆ ದಾರಿಯಲ್ಲಿ ನಡೆದವರಿಗೆ ಇಂಬಳ ಗೊತ್ತು. ಕಚ್ಚುವಾಗ ತಿಳಿಯುವುದಿಲ್ಲ, ಮನೆಗೆ ಬಂದು ಲಂಗ ಕೊಡವಿದಾಗ ರಕ್ತ ಕಂಡರಷ್ಟೇ ಗೊತ್ತಾಗುತ್ತದೆ. ಅದಕ್ಕೆಂದೇ ನಮ್ಮ ಪಾಟಿಚೀಲದಲ್ಲಿ ಎಲೆಯಲ್ಲಿ ಕಟ್ಟಿದ ಸುಣ್ಣ ಇರುತ್ತಿತ್ತು. ಅವತ್ತು ಮನೆಯ ಹಿತ್ತಿಲಲ್ಲಿ ಕಾಲು ತೊಳೆಯುವಾಗ ತೊಡೆಯ ಮೇಲೆ ರಕ್ತ ಕಂಡಿತು. ಇಂಬಳವೇ ಎಂದುಕೊಂಡೆ. ಸುಣ್ಣ ಹಿಡಿದು ಹುಡುಕಿದೆ. ಇಂಬಳ ಇಲ್ಲ, ರಕ್ತ ಮಾತ್ರ ಮತ್ತೆ ಮತ್ತೆ. ಕತ್ತಲಾಗುವವರೆಗೆ ಬಚ್ಚಲ ಹಿಂದೆ ಕೂತಿದ್ದೆ. ಅದು ಒಳಗೆ ಹೋಗಿಬಿಟ್ಟಿದೆ, ನಾನಿನ್ನು ಉಳಿಯುವುದಿಲ್ಲ ಎಂದು ಖಚಿತವಾಗಿ ನಂಬಿದ್ದೆ.

ಅಜ್ಜಿ ಹುಡುಕಿಕೊಂಡು ಬಂದರು. ನೋಡಿದ ಕೂಡಲೇ ಅವರ ಮುಖ ಅರಳಿತು, ಆದರೆ ಕೈ ಹಿಂದಕ್ಕೆ ಹೋಯಿತು. ಅದುವರೆಗೆ ದಿನಾ ನನ್ನ ತಲೆ ಬಾಚುತ್ತಿದ್ದ ಕೈ ಅದು. ನನಗೊಂದು ಚಾಪೆ, ಒಂದು ಚೊಂಬು, ಕೊಟ್ಟಿಗೆ ಪಕ್ಕದ ಮೂಲೆ. ನಾಲ್ಕು ದಿನ ಶಾಲೆ ಇಲ್ಲ. ತಮ್ಮ ಕೇಳಿದ್ದಕ್ಕೆ ‘ಅಕ್ಕಂಗೆ ಕಾಗೆ ಮುಟ್ಟಿದೆ’ ಎಂದರು. ಅವನು ಪಾಪ ಅಂಗಳದಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ. ಐದನೇ ದಿನ ಮಿಂದು ಆರತಿ. ಊರಿನ ಹೆಂಗಸರು ಬಂದರು, ಸೋಬಾನೆ ಹಾಡಿದರು, ಚಿಗಳಿ ಎಳ್ಳುಂಡೆ ಹಂಚಿದರು, ನನಗೆ ಕೊಬ್ಬರಿ ಬೆಲ್ಲ ತಿನ್ನಿಸಿದರು. ಅಷ್ಟು ಜನರಲ್ಲಿ ನನ್ನ ಮೈಯಲ್ಲಿ ಏನಾಗಿದೆ ಎಂದು ನನಗೆ ಹೇಳಿದವರು ಯಾರೂ ಇಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬಾಕೆ ಮಾತ್ರ ಹೋಗುವಾಗ ಮೂಲೆಗೆ ಬಗ್ಗಿ, ‘ತಿಂಗ್ಳಿಗೊಂದ್ಸಲ ಬತ್ತದೆ. ಎಲ್ರಿಗೂ ಬತ್ತದೆ. ಹೆದ್ರಬ್ಯಾಡ’ ಎಂದಳು. ಪ್ರಾಯದ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಅದು. ಮುಂದಿನ ಹತ್ತು ವರ್ಷ ಬೇರೆ ಪಾಠ ಸಿಗಲಿಲ್ಲ.

ಹಿಂದೆ ಯಾರೂ ಈ ವಿಷಯ ಎತ್ತುತ್ತಲೇ ಇರಲಿಲ್ಲ, ಎಲ್ಲ ಗುಟ್ಟಾಗಿತ್ತು ಎನ್ನುವ ಮಾತು ಪೂರ್ತಿ ನಿಜವಲ್ಲ ಎಂದು ತೋರಿಸಲು ಇಷ್ಟು ಹೇಳಿದೆ. ಹುಡುಗಿ ದೊಡ್ಡವಳಾದ ಸುದ್ದಿಯಷ್ಟು ಬಹಿರಂಗವಾದ ಸುದ್ದಿ ಹಳ್ಳಿಯಲ್ಲಿ ಇನ್ನೊಂದಿರಲಿಲ್ಲ. ಮೈಸೂರು, ಮಂಡ್ಯ ಕಡೆ ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು ಹಾಕಬೇಕು. ಆ ಗುಡ್ಲು ಕಂಡರೆ ಬೀದಿಗೆಲ್ಲ ಗೊತ್ತು. ಮೈನೆರೆಯುವುದು, ಒಸಗೆ, ಆರತಿ ಎಂದು ಎಷ್ಟು ಹೆಸರು, ಎಷ್ಟು ಹಾಡು! ಊರಿಗೆಲ್ಲ ತಿಳಿಯುತ್ತಿತ್ತು; ಹುಡುಗಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಏಕೆಂದರೆ ಆ ಸುದ್ದಿ ಅವಳಿಗೆಂದು ಹುಟ್ಟಿದ್ದಲ್ಲ. ಬಾಲ್ಯದಲ್ಲೇ ಮದುವೆ ನಡೆಯುತ್ತಿದ್ದ ಮನೆಗಳಲ್ಲಿ ಅದು ಬೀಗರಿಗೆ ಮುಟ್ಟಿಸಬೇಕಾದ ಸುದ್ದಿ, ಪ್ರಸ್ತದ ದಿನ ಗೊತ್ತುಮಾಡುವುದಕ್ಕೆ. 1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ದೇಶದಲ್ಲಿ ಎದ್ದ ಗಲಾಟೆಯೆಲ್ಲ ಇದರ ಸುತ್ತಲೇ: ಮೊದಲ ಋತುವಿನ ಬೆನ್ನಿಗೇ ಗರ್ಭಾಧಾನ ಮಾಡಿಸುವುದು ಶಾಸ್ತ್ರ, ಅದಕ್ಕೆ ಕಾನೂನು ಅಡ್ಡ ಬರಬಾರದು ಎಂಬುದು ವಿರೋಧಿಸಿದವರ ವಾದ. ಮೂರು ವರ್ಷದ ಮೇಲೆ, 1894ರಲ್ಲಿ, ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಎಂಟು ವರ್ಷ! ಆ ಅಂಕಿಯನ್ನು ಓದಿದಾಗಲೆಲ್ಲ ನನಗೆ ಎರಡನೇ ಕ್ಲಾಸಿನ ಬೆಂಚು ಕಣ್ಣಿಗೆ ಬರುತ್ತದೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಇನ್ನೊಂದು ಮುಖ ಗೊತ್ತು. ಏನೂ ಅರಿಯದ ವಯಸ್ಸಿನಲ್ಲಿ ವಿಧವೆಯಾದ ಹುಡುಗಿಗೆ ಮೈನೆರೆಯುವುದು ತಲೆ ಬೋಳಿಸುವ ದಿನವಾಗಿ ಬರುತ್ತದೆ.

ಇನ್ನು ಮಾತಿನ ವಿಷಯ. ಇವತ್ತಿನ ನನ್ನ ಮುಖ್ಯ ಸಂಗತಿ ಇದೇ. ‘ಮುಟ್ಟು’ ಎನ್ನುವ ಪದವನ್ನೇ ನೋಡಿ. ಯಾರನ್ನು ಮುಟ್ಟಬಾರದೋ ಅವಳ ಸ್ಥಿತಿಗೆ ಮುಟ್ಟು ಎಂದು ಹೆಸರು. ಹೊರಗಾಗುವುದು, ದೂರ ಕೂರುವುದು, ಕಾಗೆ ಮುಟ್ಟುವುದು, ರಜೆ. ಯಾವ ಮಾತಿನಲ್ಲೂ ದೇಹದ ಸುದ್ದಿ ಇಲ್ಲ, ಎಲ್ಲ ಮಾತಿನಲ್ಲೂ ಎಲ್ಲಿ ಕೂರಬೇಕು ಎಂಬ ಸುದ್ದಿ ಇದೆ. ನಮ್ಮ ಪೇಟೆಯ ಹುಡುಗಿಯರು ಇದರಿಂದ ತಪ್ಪಿಸಿಕೊಳ್ಳಲು ‘ಎಂಸಿ’ ಎಂದರು, ಆಮೇಲಿನವರು ‘ಪೀರಿಯಡ್ಸ್’ ಎಂದರು, ‘ಡೇಟ್’ ಎಂದರು. ಪಠ್ಯಪುಸ್ತಕ ‘ಋತುಸ್ರಾವ’ ಎಂದಿತು. ಅದು ತಪ್ಪಲ್ಲ, ಆದರೆ ಆ ಪದದಲ್ಲಿ ಯಾವ ಮಗಳೂ ತಾಯಿಯ ಹತ್ತಿರ ಮಾತನಾಡಿದ್ದನ್ನು ನಾನು ಕೇಳಿಲ್ಲ. ಅಂಗಗಳ ಹೆಸರಿನದು ಇನ್ನೂ ಕಷ್ಟ. ಒಂದು ಕಡೆ ಗುಪ್ತಾಂಗ, ಮರ್ಮಾಂಗ, ಗುಹ್ಯ. ಹೆಸರೇ ಬಚ್ಚಿಡು ಎನ್ನುತ್ತದೆ. ಇನ್ನೊಂದು ಕಡೆ ಮನೆಮಾತಿನ ಪದಗಳು; ಅವಷ್ಟೂ ಬೈಗುಳದ ಪಾಲಾಗಿವೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯಬಹುದಾದ, ಮಗು ಕೈಯೆತ್ತಿ ಕೇಳಬಹುದಾದ ಪದ ಇವೆರಡರ ನಡುವೆ ಇರಲಿಲ್ಲ. ಆ ಪದ ಇಲ್ಲದ ಕಡೆ ಪಾಠವೂ ನಿಲ್ಲುವುದಿಲ್ಲ ಎಂದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಕನ್ನಡಕ್ಕೆ ಬೇರೆ ಮಾತು ಗೊತ್ತೇ ಇರಲಿಲ್ಲ ಎಂದಲ್ಲ. ಹನ್ನೆರಡನೇ ಶತಮಾನದ ಶರಣರು ಪಂಚಸೂತಕಗಳನ್ನು ತಿರಸ್ಕರಿಸಿದರು. ಆ ಐದರಲ್ಲಿ ರಜಸ್ಸಿನ ಸೂತಕವೂ ಒಂದು. ಎಂಟುನೂರು ವರ್ಷದ ಹಿಂದೆ ಕನ್ನಡ ನಾಡಿನಲ್ಲಿ, ಕನ್ನಡದಲ್ಲೇ ಆಗಿದ್ದ ತೀರ್ಮಾನ ಅದು. ಅದೇ ಕನ್ನಡದಲ್ಲಿ 1969ರಲ್ಲಿ ನನಗೊಂದು ಚಾಪೆ ಸಿಕ್ಕಿತು.

ಶಾಲೆಗೆ ಬರೋಣ. ನನ್ನ ಹೈಸ್ಕೂಲಿನಲ್ಲಿ ಸಂತಾನೋತ್ಪತ್ತಿಯ ಪಾಠ ದಾಸವಾಳದಿಂದ ಶುರುವಾಗುತ್ತಿತ್ತು. ಪ್ರತಿಯೊಬ್ಬರೂ ಮನೆಯಿಂದ ಒಂದು ಹೂವು ತರಬೇಕು. ಐದೆಸಳಿನ ಕೆಂಪು ದಾಸವಾಳವೇ ಆಗಬೇಕು, ಮುದ್ದೆ ದಾಸವಾಳ ಆಗದು. ಬ್ಲೇಡಿನಲ್ಲಿ ಉದ್ದುದ್ದ ಸೀಳಿ ಪುಷ್ಪಪಾತ್ರೆ, ದಳ, ಕೇಸರ, ಶಲಾಕೆ ಎಂದು ಒಂದೊಂದಾಗಿ ನೋಟುಬುಕ್ಕಿನ ಮೇಲೆ ಜೋಡಿಸುವುದು. ಬುಡದ ಅಂಡಾಶಯವನ್ನು ಅಡ್ಡ ಕೊಯ್ದರೆ ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಕಾಳುಗಳು. ನಮ್ಮ ಮೇಷ್ಟ್ರು ಅದನ್ನು ಬಹಳ ಚೆನ್ನಾಗಿ ಕಲಿಸಿದರು. ಪರಾಗ ಶಲಾಕಾಗ್ರದ ಮೇಲೆ ಬಿದ್ದು ಕೊಳವೆಯಾಗಿ ಇಳಿಯುವುದನ್ನು ಅವರು ಹೇಳುತ್ತಿದ್ದರೆ ಕ್ಲಾಸು ಉಸಿರು ಹಿಡಿದು ಕೇಳುತ್ತಿತ್ತು. ಆಮೇಲೆ ಕಪ್ಪೆ. ಕಪ್ಪೆ ಮುಗಿದು ಮನುಷ್ಯನ ಪುಟ ಬಂದಾಗ ಅವರು ಪುಸ್ತಕ ಮುಚ್ಚಿ, ‘ಇದನ್ನ ಮನೇಲಿ ಓದ್ಕೊಳ್ಳಿ, ಪರೀಕ್ಷೆಗೆ ಬರಲ್ಲ’ ಎಂದರು. ಅಷ್ಟು ಒಳ್ಳೆಯ ಮೇಷ್ಟ್ರನ್ನು ಆ ಪುಟ ಮೂಕರನ್ನಾಗಿ ಮಾಡಿತು. ಅವರನ್ನು ನಾನು ದೂರುವುದಿಲ್ಲ. 1981ರಲ್ಲಿ ಕೆಲಸಕ್ಕೆ ಸೇರಿದ ನಾನು ಎಂಟು ವರ್ಷ ಅದೇ ಮಾತನ್ನು ಹಾಗೆಯೇ ಹೇಳಿದೆ.

ಹಾಗಾದರೆ ಸರ್ಕಾರಕ್ಕೆ ಈ ವಿಷಯವೇ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಮ್ಮ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ಒಂದು ಸರ್ಕಾರ ತಾನೇ ಮುಂದೆ ನಿಂತು ಇಂಥದ್ದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು ಎಂದು ಚರಿತ್ರೆ ಬರೆದವರು ಗುರುತಿಸಿದ್ದಾರೆ. ಪಕ್ಕದ ಮುಂಬಯಿಯಲ್ಲಿ ಆ ಹೊತ್ತಿಗೆ ರ. ಧೋ. ಕರ್ವೆಯವರು ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆ ನಡೆಸುತ್ತಿದ್ದರು. 1927ರಲ್ಲಿ ಶುರುಮಾಡಿದ್ದನ್ನು 1953ರಲ್ಲಿ ತಾವು ಸಾಯುವವರೆಗೂ ಬಿಡಲಿಲ್ಲ. ಓದುಗರು ಮೈಯ ಬಗ್ಗೆ ಕೇಳಿದ ಪ್ರಶ್ನೆಗೆ ಪತ್ರಿಕೆಯಲ್ಲಿ ನೇರವಾಗಿ ಉತ್ತರಿಸಿದ್ದಕ್ಕೆ ಅಶ್ಲೀಲತೆಯ ಮೊಕದ್ದಮೆ ಬಿತ್ತು. 1934ರಲ್ಲಿ ಅವರ ಪರ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಜನ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ತಪ್ಪು ಹೇಗಾಗುತ್ತದೆ ಎಂಬ ನೆಲೆಯ ವಾದ ಅದು. ಮೊಕದ್ದಮೆ ಸೋತರು. ಆದರೆ ಒಬ್ಬ ಗಣಿತದ ಮೇಷ್ಟ್ರು ಅಷ್ಟು ವರ್ಷ ಏಕಾಂಗಿಯಾಗಿ ಮಾಡಿದ ಆ ಕೆಲಸವನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಗೋಡೆಗಳು ಮಾತನಾಡತೊಡಗಿದವು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಕೆಂಪು ತ್ರಿಕೋನ ಬರೆಯದ ಗೋಡೆಯಿಲ್ಲ, ನಿರೋಧ್ ಜಾಹೀರಾತು ಇಲ್ಲದ ಬಸ್‌ಸ್ಟ್ಯಾಂಡಿಲ್ಲ. ಅಕ್ಷರ ಕಲಿತ ಮಗು ಮೊದಲು ಓದುವುದೇ ಗೋಡೆಬರಹವನ್ನು. ‘ಅಪ್ಪಾ, ನಿರೋಧ್ ಅಂದ್ರೇನು?’ ಎಂದು ತುಂಬಿದ ಬಸ್ಸಿನಲ್ಲಿ ಕೇಳಿ ತಲೆಯ ಮೇಲೆ ಮೊಟಕಿಸಿಕೊಂಡ ಹುಡುಗರು ನನ್ನ ವಾರಿಗೆಯಲ್ಲಿ ಎಷ್ಟೋ ಜನ. 1980ರಲ್ಲಿ ಜನಸಂಖ್ಯಾ ಶಿಕ್ಷಣದ ರಾಷ್ಟ್ರೀಯ ಯೋಜನೆ ಬಂತು. ನಾನು ಮೇಷ್ಟ್ರಾದ ಹೊಸತರಲ್ಲಿ ಅದರ ತರಬೇತಿಗೆ ಕಳಿಸಿದರು. ಜನಸಂಖ್ಯಾ ಸ್ಫೋಟದ ನಕ್ಷೆ, ಚಿಕ್ಕ ಕುಟುಂಬ ಸುಖೀ ಕುಟುಂಬ, ತಲೆಗೆ ಎಷ್ಟು ಧಾನ್ಯ ಎಂಬ ಲೆಕ್ಕ. ದೇಶಕ್ಕೆ ಮಕ್ಕಳು ಎಷ್ಟು ಬೇಕು ಎಂದು ಮೂರು ದಿನ ಕಲಿತು ಬಂದೆವು. ನನ್ನ ಎದುರು ಬೆಂಚಿನಲ್ಲಿ ಕೂತ ಹುಡುಗಿಗೆ ಹೊಟ್ಟೆ ಯಾಕೆ ನೋಯುತ್ತದೆ ಎಂಬುದು ಆ ತರಬೇತಿಯಲ್ಲಿ ಇರಲಿಲ್ಲ.

1989ರಲ್ಲಿ ನನ್ನ ಕ್ಲಾಸಿನಲ್ಲಿ ಒಂದು ಘಟನೆ ನಡೆಯಿತು. ಎಂಟನೇ ತರಗತಿಯ ಹುಡುಗಿ, ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಎದ್ದಳು. ಲಂಗದ ಹಿಂಭಾಗ ಕಲೆಯಾಗಿತ್ತು. ಹಿಂದಿನ ಬೆಂಚಿನಿಂದ ನಗು. ಅವಳಿಗೆ ಯಾಕೆ ನಗುತ್ತಿದ್ದಾರೆಂದೇ ತಿಳಿಯಲಿಲ್ಲ. ತಿರುಗಿ ನನ್ನ ಮುಖ ನೋಡಿದಳು. ನಾನು ‘ಮನೆಗೆ ಹೋಗು’ ಎಂದೆ. ಅಷ್ಟೇ ಅಂದೆ. ಶಾಲೆಯಲ್ಲಿ ಶೌಚಾಲಯ ಇರಲಿಲ್ಲ, ನೀರು ಇರಲಿಲ್ಲ, ನನ್ನ ಬಾಯಲ್ಲಿ ಮಾತೂ ಇರಲಿಲ್ಲ. ಅವಳು ಪಾಟಿಚೀಲವನ್ನು ಹಿಂದಕ್ಕೆ ಒತ್ತಿಹಿಡಿದುಕೊಂಡು ಮೈದಾನ ದಾಟಿ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಮತ್ತೆ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ತಾಯಿ, ‘ಇನ್ಯಾಕೆ ಬಿಡಿ ಟೀಚರೇ, ದೊಡ್ಡೋಳಾದ್ಲಲ್ಲ’ ಎಂದರು. ಎರಡು ವರ್ಷಕ್ಕೆ ಮದುವೆಯಾಯಿತು.

ಆ ಬೇಸಿಗೆ ರಜೆಯಲ್ಲಿ ನಾನು ತಾಲ್ಲೂಕು ಗ್ರಂಥಾಲಯಕ್ಕೆ ಹೋಗಿ ಡಾ. ಅನುಪಮಾ ನಿರಂಜನ ಅವರ ಪುಸ್ತಕಗಳನ್ನು ತಂದೆ. 1934ರಲ್ಲಿ ನಮ್ಮ ತೀರ್ಥಹಳ್ಳಿಯಲ್ಲೇ ಹುಟ್ಟಿದವರು ಅವರು, ಹುಟ್ಟುಹೆಸರು ವೆಂಕಟಲಕ್ಷ್ಮಿ. ವೈದ್ಯೆಯಾಗಿ, ಕಾದಂಬರಿಕಾರ್ತಿಯಾಗಿ ದುಡಿದು 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ‘ತಾಯಿ ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’. ಇವನ್ನು ಮದುವೆಯಲ್ಲಿ ಉಡುಗೊರೆ ಕೊಡುವ ರೂಢಿ ಎಷ್ಟೋ ಮನೆಗಳಲ್ಲಿ ಇತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕೇಳು ಕಿಶೋರಿ’. ಹೆಸರನ್ನೇ ನೋಡಿ. ಎದುರಿಗೆ ಕೂರಿಸಿಕೊಂಡು, ಹೆಗಲ ಮೇಲೆ ಕೈಯಿಟ್ಟು ಶುರುಮಾಡುವ ಮಾತು ಅದು. ಇಪ್ಪತ್ತು ವರ್ಷದ ಹಿಂದೆ ಬಚ್ಚಲ ಹಿಂದೆ ಕೂತಿದ್ದ ಹುಡುಗಿಯನ್ನು ಯಾರೋ ಹೆಸರು ಹಿಡಿದು ಕರೆದಂತಾಯಿತು. ಪಠ್ಯಪುಸ್ತಕದ ಸಂಸ್ಕೃತ ಪದಕ್ಕೂ ಬೀದಿಯ ಬೈಗುಳಕ್ಕೂ ನಡುವೆ ಒಂದು ಕನ್ನಡ ಸಾಧ್ಯ ಎಂದು ನನಗೆ ತೋರಿಸಿಕೊಟ್ಟವರು ಅವರು. ನಮ್ಮ ವಿಮರ್ಶಕರು ಅವರ ಕಾದಂಬರಿಗಳ ಬಗ್ಗೆ ಬರೆದಿದ್ದಾರೆ. ಕನ್ನಡ ಗದ್ಯಕ್ಕೆ ಈ ವೈದ್ಯಕೀಯ ಪುಸ್ತಕಗಳು ಕೊಟ್ಟದ್ದರ ಬಗ್ಗೆ ಸಾಕಷ್ಟು ಬರೆದಿಲ್ಲ ಎಂಬುದು ನನ್ನ ಅಭಿಪ್ರಾಯ. ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ಮೈಗೆ ಬೇಕಾದ ಮಾತನ್ನು ಕಲಿಯಬಹುದಾಗಿದ್ದದ್ದು ಅಲ್ಲಿಂದ.

ಗಂಡುಮಕ್ಕಳ ಕಥೆ ಬೇರೆ. ಅದನ್ನು ನಾನು ತಡವಾಗಿ ತಿಳಿದೆ. ಹುಡುಗಿ ‘ದೊಡ್ಡವಳಾದಳು’ ಎಂದರೆ ಒಂದು ದಿನ, ಒಂದು ಗಳಿಗೆ ಇದೆ. ಹುಡುಗ ದೊಡ್ಡವನಾದದ್ದಕ್ಕೆ ಕನ್ನಡದಲ್ಲಿ ಅಂಥ ಪದವೇ ಇಲ್ಲ. ದನಿ ಒಡೆಯಿತು, ಮೀಸೆ ಚಿಗುರಿತು ಎನ್ನುತ್ತೇವೆ. ಅದು ಹೊರಗೆ ಕಂಡದ್ದು. ಆರತಿ ಇಲ್ಲ, ಹಾಡಿಲ್ಲ, ಚಿಗಳಿ ಇಲ್ಲ. ಉಪನಯನ ಮಾಡುವ ಮನೆಗಳಲ್ಲಿ ಅದು ಎಂಟನೇ ವಯಸ್ಸಿಗೇ ಮುಗಿದು, ಬ್ರಹ್ಮಚರ್ಯದ ವ್ರತ ಕಿವಿಗೆ ಬಿದ್ದಿರುತ್ತದೆ. ಹುಡುಗರಿಗೆ ಪಾಠ ಹೇಳಿದ್ದು ಬಸ್‌ಸ್ಟ್ಯಾಂಡಿನ ಮೂತ್ರಿಮನೆಯ ಗೋಡೆ. ಗುಪ್ತರೋಗ, ಧಾತುನಷ್ಟ, ನರದೌರ್ಬಲ್ಯ. ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ತಿಂಗಳ ಮೊದಲ ಸೋಮವಾರ ವೈದ್ಯರು ಸಿಗುತ್ತಾರೆ. ನಲವತ್ತು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯ ಎಂಬ ಲೆಕ್ಕವನ್ನು ಯಾವ ಹುಡುಗನ ಬಾಯಲ್ಲಿ ಬೇಕಾದರೂ ಕೇಳಬಹುದಿತ್ತು. ಈ ಹೆದರಿಕೆಯಲ್ಲಿ ನಿದ್ದೆಗೆಟ್ಟು, ಸೊರಗಿ, ಮೈಯೆಲ್ಲ ನೋವೆಂದು ಬರುವ ಯುವಕರನ್ನು ಕಂಡು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ರೋಗ ವೀರ್ಯದ್ದಲ್ಲ, ಹೆದರಿಕೆಯದು. ನಮ್ಮಲ್ಲಿ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಮನಸ್ಸಿನ ತೊಂದರೆಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆಯುತ್ತ ಬಂದರು, ವಾರಪತ್ರಿಕೆಗಳ ಪ್ರಶ್ನೋತ್ತರದಲ್ಲಿ ವೈದ್ಯರು ‘ಹೆಸರು ಬೇಡ’ ಎಂದು ಬರೆದವರಿಗೆ ಉತ್ತರ ಕೊಟ್ಟರು. ಎಷ್ಟು ಹುಡುಗರು ಆ ಪುಟವನ್ನು ಹರಿದು ಜೇಬಿನಲ್ಲಿಟ್ಟುಕೊಂಡಿದ್ದಾರೋ.

1989ರ ಜೂನಿನಲ್ಲಿ ನಾನು ಬಿಸ್ಕತ್ತಿನ ಒಂದು ತಗಡಿನ ಡಬ್ಬ ತೆಗೆದುಕೊಂಡು ಮುಚ್ಚಳದಲ್ಲಿ ಸೀಳು ಮಾಡಿಸಿದೆ. ಪ್ರಯೋಗಶಾಲೆಯ ಮೂಲೆಯಲ್ಲಿ ಇಟ್ಟೆ. ಹೆಸರು ಬರೆಯಬೇಡಿ, ಅಕ್ಷರ ಯಾರದೆಂದು ನಾನು ಹುಡುಕುವುದಿಲ್ಲ, ವರ್ಷದ ಕೊನೆಗೆ ಎಲ್ಲ ಚೀಟಿ ಸುಟ್ಟುಬಿಡುತ್ತೇನೆ ಎಂದು ಮಾತು ಕೊಟ್ಟೆ. ಹದಿನೈದು ದಿನ ಡಬ್ಬ ಖಾಲಿ. ಆಮೇಲೆ ಒಂದೇ ಒಂದು ಚೀಟಿ. ರೂಲ್ಡ್ ಹಾಳೆಯನ್ನು ಎಂಟು ಮಡಿಕೆ ಮಡಿಸಿ, ಮೇಲೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದ. ‘ರಾತ್ರಿ ಚಡ್ಡಿ ಒದ್ದೆ ಆಗುತ್ತೆ. ಉಚ್ಚೆ ಅಲ್ಲ. ನಾನು ಸಾಯ್ತೀನಾ ಟೀಚರ್. ಅಮ್ಮನಿಗೆ ಹೇಳಬೇಡಿ.’

ಆ ಚೀಟಿ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ಇಂಬಳ ಹುಡುಕುತ್ತ ಕೂತಿದ್ದ ಹುಡುಗಿಗೂ ಈ ಹುಡುಗನಿಗೂ ಒಂದೇ ಪ್ರಶ್ನೆ ಇತ್ತು. ಮರುದಿನ ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿಯೇ ಶುರುಮಾಡಿದೆ. ಎಂಟು ಒಂಬತ್ತು ವರ್ಷದಿಂದ ಹದಿಮೂರು ಹದಿನಾಲ್ಕರ ಒಳಗೆ ಯಾವಾಗಲಾದರೂ ಮಿದುಳಿನ ಬುಡದಿಂದ ಒಂದು ಸೂಚನೆ ಹೊರಡುತ್ತದೆ; ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಅದನ್ನು ರಕ್ತದ ಮೂಲಕ ಕೆಳಗೆ ಕಳಿಸುತ್ತದೆ; ಹುಡುಗಿಯಲ್ಲಿ ಅಂಡಾಶಯ, ಹುಡುಗನಲ್ಲಿ ವೃಷಣ ಎಚ್ಚೆತ್ತುಕೊಳ್ಳುತ್ತವೆ. ಹುಡುಗಿಯರಿಗೆ ಇದು ಸಾಮಾನ್ಯವಾಗಿ ಒಂದೆರಡು ವರ್ಷ ಮೊದಲು. ಏಳನೇ ಕ್ಲಾಸಿನ ಪ್ರಾರ್ಥನೆಯ ಸಾಲಿನಲ್ಲಿ ಹುಡುಗಿಯರೇ ಎತ್ತರ ಇರುವುದಕ್ಕೆ ಕಾರಣ ಅದೇ ಎಂದಾಗ ಗಿಡ್ಡ ಹುಡುಗರ ಮುಖದಲ್ಲಿ ಬಂದ ನೆಮ್ಮದಿಯನ್ನು ನೀವು ನೋಡಬೇಕಿತ್ತು. ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ ಎರಡು ಮೂರು ದೊಡ್ಡ ಚಮಚದಷ್ಟು. ಅದು ಕೆಟ್ಟ ರಕ್ತವಲ್ಲ, ಮಗುವಿಗೆಂದು ಗರ್ಭಕೋಶ ಹಾಸಿದ ಹಾಸಿಗೆಯನ್ನು ಬೇಡವಾದಾಗ ಮಡಿಸಿ ಹೊರಗಿಡುವುದು. ವೀರ್ಯ ರಕ್ತದಿಂದ ಬಸಿದು ಬರುವುದಲ್ಲ, ಅದರಲ್ಲಿನ ವೀರ್ಯಾಣು ವೃಷಣದಲ್ಲಿ ದಿನದಿನವೂ ಹುಟ್ಟುತ್ತದೆ, ತುಂಬಿದ್ದು ನಿದ್ದೆಯಲ್ಲಿ ಹೊರಗೆ ಬಂದರೆ ಯಾವ ನಷ್ಟವೂ ಇಲ್ಲ. ಇಷ್ಟು ಹೇಳುವುದಕ್ಕೆ ಒಂದು ಪೀರಿಯಡ್ಡು ಸಾಕಾಯಿತು. ಎಂಟು ವರ್ಷ ನಾನು ಹೇಳದೆ ಉಳಿಸಿಕೊಂಡದ್ದು ಇದಿಷ್ಟೇ. ಆ ವಾರ ಡಬ್ಬದಲ್ಲಿ ನಲವತ್ತಕ್ಕೂ ಹೆಚ್ಚು ಚೀಟಿ ಬಿದ್ದವು.

ತೊಂಬತ್ತರ ದಶಕದಲ್ಲಿ ಶಾಲೆಗೆ ಬಂದ ಪಾಠಗಳನ್ನು ಬೇಗ ದಾಟುತ್ತೇನೆ. 1986ರಲ್ಲಿ ದೇಶದಲ್ಲಿ ಎಚ್‌ಐವಿ ಮೊದಲ ಬಾರಿಗೆ ಪತ್ತೆಯಾಗಿತ್ತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನ್ಯಾಕೋ, ಹುಟ್ಟಿತು. ತಲೆಬುರುಡೆಯ ಚಿತ್ರವಿದ್ದ ಪೋಸ್ಟರುಗಳು ಶಾಲೆಗೆ ಬಂದವು. ಮೈಯ ಬಗ್ಗೆ ಮಗು ಶಾಲೆಯಲ್ಲಿ ಅಧಿಕೃತವಾಗಿ ಕೇಳಿದ ಮೊದಲ ಮಾತು ಸಾವಿನದು. ಅದೇ ಸುಮಾರಿಗೆ ನ್ಯಾಪ್‌ಕಿನ್ ಕಂಪನಿಗಳ ಕಡೆಯಿಂದ ಹೆಂಗಸರು ಬರತೊಡಗಿದರು. ಹುಡುಗಿಯರನ್ನು ಒಂದು ಕೋಣೆಗೆ ಸೇರಿಸಿ, ಕಿಟಕಿ ಹಾಕಿ, ಸಿನಿಮಾ ತೋರಿಸಿ, ತಲೆಗೊಂದು ಸ್ಯಾಂಪಲ್ಲು ಕೊಡುತ್ತಿದ್ದರು. ಹಳೆಯ ಸೀರೆ ಹರಿದು ಬಳಸಿ, ತೊಳೆದು, ಬಿಸಿಲಿಗೆ ಹಾಕಲಾಗದೆ ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ ಒಣಗಿಸುತ್ತಿದ್ದ ಮಕ್ಕಳಿಗೆ ಅದು ದೊಡ್ಡ ಉಪಕಾರವೇ. ಆದರೆ ಆ ಒಂದು ಗಂಟೆ ಹುಡುಗರನ್ನು ಮೈದಾನದ ಕಲ್ಲು ಹೆಕ್ಕಲು ಕಳಿಸುತ್ತಿದ್ದೆವು. ಕಿಟಕಿ ಹಾಕಿದ ಕೋಣೆಯಲ್ಲಿ ತಮ್ಮಿಂದ ಮುಚ್ಚಿಡಬೇಕಾದ್ದು ಏನೋ ನಡೆಯುತ್ತಿದೆ ಎಂಬುದನ್ನು ಅವರು ಚೆನ್ನಾಗಿ ಕಲಿತರು.

2005ರಲ್ಲಿ ಕೇಂದ್ರ ಮಾನವ ಸಂಪನ್ಮೂಲ ಇಲಾಖೆ ಮತ್ತು ನ್ಯಾಕೋ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದವು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸಕ್ಕೆ ಒಂದು ಕೈಪಿಡಿ ಸಿಗುತ್ತದೆ ಎಂದು ಕಾದಿದ್ದೆ. ಅದರ ಚಿತ್ರಗಳ ಬಗ್ಗೆ ಆಕ್ಷೇಪ ಎದ್ದಿತು. ಕೆಲವು ಆಕ್ಷೇಪ ಸರಿಯಾಗಿಯೇ ಇದ್ದವು. ಚಿತ್ರಗಳನ್ನು ಹಳ್ಳಿಯ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಲಿಲ್ಲ, ಮೇಷ್ಟ್ರುಗಳನ್ನು ಸರಿಯಾಗಿ ತಯಾರು ಮಾಡಿರಲಿಲ್ಲ. ತಿದ್ದಬಹುದಿತ್ತು. ತಿದ್ದಲಿಲ್ಲ; 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿಬಿಟ್ಟವು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ವರದಿ ಕೊಟ್ಟಿತು. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಪುಸ್ತಕದ ಕಟ್ಟು ದಾರ ಬಿಚ್ಚದೆ ಬೀರುವಿನೊಳಗೆ ಹೋಯಿತು. 1930ರಲ್ಲಿ ಜಗತ್ತಿಗಿಂತ ಮುಂದೆ ಹೋದ ನಾಡು ಇದು. ಈ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಮಾತು ಮತ್ತೆ ಶುರುವಾಗಿದೆ. ನಮ್ಮಲ್ಲಿ ‘ಶುಚಿ’ ಯೋಜನೆಯ ನ್ಯಾಪ್‌ಕಿನ್ನು ಬಂತು, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದು ‘ಸ್ನೇಹ’ ಕ್ಲಿನಿಕ್ ಬಂತು, ಪಠ್ಯದಲ್ಲಿ ಹದಿಹರೆಯದ ಮೇಲೇ ಒಂದು ಅಧ್ಯಾಯ ಬಂತು. ಒಳ್ಳೆಯದೇ. ಆದರೂ ನೋಡಿ: ಮೊದಲು ಬೀಗರಿ‌ಗಾಗಿ, ಆಮೇಲೆ ಜನಸಂಖ್ಯೆಗಾಗಿ, ಆಮೇಲೆ ಏಡ್ಸ್‌ಗಾಗಿ, ಈಗ ಅಪರಾಧ ತಡೆಯುವುದಕ್ಕಾಗಿ. ಪ್ರತಿ ಸಲವೂ ಯಾವುದೋ ಒಂದು ಭಯದ ಬೆನ್ನೇರಿ ಈ ಪಾಠ ಬಂದಿದೆ. ಮಗು ಕೇಳಿದ ಪ್ರಶ್ನೆಗೆಂದು ಬಂದದ್ದು ಬಹಳ ಅಪರೂಪ. ಬಂದಾಗಲೂ ಒಬ್ಬ ಕರ್ವೆ, ಒಬ್ಬ ಅನುಪಮಾ, ಈ ದತ್ತಿಯ ನರ್ಸಮ್ಮ, ನಮ್ಮ ತೋಟದ ಕೆಲಸದಾಕೆ. ಹೀಗೆ ಒಂಟಿ ದನಿಗಳ ಮೂಲಕ ಬಂದಿದೆ.

ಚೀಟಿಗಳನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಚ್ಚಲ ಒಲೆಗೆ ಹಾಕುತ್ತಿದ್ದೆ. ಕೊಟ್ಟ ಮಾತು ಹಾಗಿತ್ತು, ಆದ್ದರಿಂದ ಇವತ್ತು ಹೇಳಿದ್ದು ನೆನಪಿನಿಂದ. ಮೊಡವೆಯದು, ಎದೆ ಒಂದು ಕಡೆ ದೊಡ್ಡದು ಒಂದು ಕಡೆ ಚಿಕ್ಕದು ಇರುವುದು, ದನಿ ಒಡೆದು ಹಾಡುಗಾರಿಕೆ ಬಿಟ್ಟವನದು, ಮುಟ್ಟಿನಲ್ಲಿ ಉಪ್ಪಿನಕಾಯಿ ಮುಟ್ಟಿದರೆ ನಿಜವಾಗಿ ಕೆಡುತ್ತದೆಯೇ ಎಂಬುದು. ಕೊನೆಯದಕ್ಕೆ ನಾವು ಕ್ಲಾಸಿನಲ್ಲೇ ಎರಡು ಭರಣಿ ಇಟ್ಟು ನೋಡಿದೆವು. ಎರಡರ ಮಾವಿನಮಿಡಿಗಳೂ ವರ್ಷ ಕಳೆದರೂ ಗರಿಗರಿಯಾಗಿಯೇ ಇದ್ದವು.

2016ರಲ್ಲಿ ನಾನು ನಿವೃತ್ತಳಾಗುವ ತಿಂಗಳು ಡಬ್ಬದಲ್ಲಿ ಸಿಕ್ಕ ಒಂದು ಚೀಟಿಯಲ್ಲಿ ಹುಡುಗನ ಅಕ್ಷರ ಇತ್ತು. ‘ನಮ್ಮ ಅಕ್ಕನಿಗೆ ಆ ದಿನ ತುಂಬಾ ಹೊಟ್ಟೆನೋವು ಬರುತ್ತೆ. ಹೊರಗೆ ಕೂರಿಸ್ತಾರೆ. ನಾನು ಏನು ಮಾಡಬಹುದು?’

ಕ್ಲಾಸಿನಲ್ಲಿ ಓದಿದೆ. ಯಾರೂ ನಗಲಿಲ್ಲ. ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಹೊಟ್ಟೆಯ ಮೇಲೆ ಇಟ್ಟುಕೊಳ್ಳಲು ಕೊಡು, ಆ ಮೂರು ದಿನ ಅವಳ ಪಾಲಿನ ನೀರು ನೀನು ಹೊರು, ನೋವು ತಡೆಯಲಾರದಷ್ಟಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅಪ್ಪನಿಗೆ ಹೇಳು ಎಂದೆ. ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು, ‘ಪಕ್ಕದಲ್ಲಿ ಹೋಗಿ ಕೂರು ಅಂತ ಹೇಳಿ ಟೀಚರ್’ ಎಂದಳು.